ಎರಡು ಕೈ ಸಾಕಂತೆ. ಯಾರ ಕೈ?

ನಮ್ಮ ದೊಡ್ಡಪ್ಪ ಸತ್ತದ್ದು ಆಸ್ಪತ್ರೆಯ ಒಳಗೆ. ದಾರಿಯಲ್ಲಿ ಸತ್ತಿದ್ದರೆ ರಸ್ತೆಯನ್ನು ಬಯ್ಯುತ್ತಿದ್ದೆವು. ಬಸ್ಸು ಸಿಗದೆ ಸತ್ತಿದ್ದರೆ ಸರ್ಕಾರವನ್ನು ಬಯ್ಯುತ್ತಿದ್ದೆವು. ಹಟ್ಟಿಯಲ್ಲೇ ಸತ್ತಿದ್ದರೆ ಹಣೆಬರಹ ಅಂತ ಮಣ್ಣು ಮಾಡಿ ಬರುತ್ತಿದ್ದೆವು. ಅವನು ಸತ್ತದ್ದು ಸುಣ್ಣ ಬಳಿದ ಗೋಡೆ, ಗೋಡೆಗೆ ಗಡಿಯಾರ, ಗಡಿಯಾರದ ಕೆಳಗೆ ಸಾಲಾಗಿ ಬೆಂಚು ಇರುವ ಆಸ್ಪತ್ರೆಯಲ್ಲಿ, ಚೀಟಿ ಬರೆಸಲು ಕಾಯುತ್ತ ಕೂತಿದ್ದಾಗ.

ಹೊಗೆಸೊಪ್ಪು ಹದ ಮಾಡುವ ಕಾಲ. ನಮ್ಮ ಗುರುಪುರದ ಸುತ್ತಿನವರಿಗೆ, ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯವರಿಗೆ ಆ ಕಾಲ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರನ್ನಿನ ಒಲೆಗೆ ಹಗಲೂ ರಾತ್ರಿ ಸೌದೆ ಒಡ್ಡಬೇಕು. ಯಾರದೋ ಬ್ಯಾರನ್ನಿಗೆ ದೊಡ್ಡಪ್ಪ ಮೂರು ರಾತ್ರಿ ನಿದ್ದೆಗೆಟ್ಟು ಬೆಂಕಿ ಕಾದಿದ್ದ. ಬೆಳಗಾಗುತ್ತಲೇ ಎದೆ ಹಿಡಕೊಂಡು ಕೂತ. "ಎದೆ ಮ್ಯಾಲೆ ಕಲ್ಲು ಏರ್ದಂಗದೆ ಕನ ಮಗ" ಅಂದ. ಆಟೋದಲ್ಲಿ ಕರಕೊಂಡು ಹೋದೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಹೆಸರು ಹೇಳಿದರೆ ನೀವು ಆ ಒಂದು ಆಸ್ಪತ್ರೆಯ ಮೇಲೆ ಕೋಪ ತೀರಿಸಿಕೊಂಡು ಮಿಕ್ಕ ಆಸ್ಪತ್ರೆಗಳನ್ನು ಬಿಟ್ಟುಬಿಡುತ್ತೀರಿ.

ಬೆಂಚಿನ ಮೇಲಿಂದ ಅವನು ಹಾಗೇ ಪಕ್ಕಕ್ಕೆ ಜಾರಿದ. ಕಣ್ಣು ಮೇಲೆ ಸಿಕ್ಕಿಕೊಂಡವು. ಗೊರ್ ಗೊರ್ ಅಂತ ಎರಡು ಸಲ ಬಾಯಿ ಬಿಟ್ಟ. ಮೊದಲು ಓಡಿಬಂದದ್ದು ನೆಲ ಒರೆಸುತ್ತಿದ್ದ ಆಯಾ. ನಮ್ಮಂಥದೇ ಕೇರಿಯ, ನಮ್ಮವ್ವನ ವಯಸ್ಸಿನ ಹೆಂಗಸು. ಒರೆಸುವ ಬಟ್ಟೆ ಬಿಸಾಕಿ ಬಂದು ಅವನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಳು. ಸೆರಗಿನಿಂದ ಗಾಳಿ ಬೀಸಿದಳು. ಬಾಯಿಗೆ ನೀರು ಬಿಟ್ಟಳು. ಅವಳ ಹಿಂದೆಯೇ ಬಂದದ್ದು ಸ್ಟ್ರೆಚರ್ ತಳ್ಳುವ ಹುಡುಗ. ಅವನು ಅಂಗಾಲು ಉಜ್ಜಿದ. ಇದ್ದ ಒಬ್ಬ ಸಿಸ್ಟರ್ ಹೆರಿಗೆ ಕೋಣೆಯಲ್ಲಿದ್ದರು. ಡಾಕ್ಟರು ಇನ್ನೊಂದು ಕಟ್ಟಡದಲ್ಲಿದ್ದರು. ನಾನು ಕೂಗಾಡಿದೆ, ಆಮೇಲೆ ಗಡಿಯಾರ ನೋಡುತ್ತ ನಿಂತೆ. ಎಂಟು ನಿಮಿಷ. ಎಂಟು ನಿಮಿಷಕ್ಕೆ ಒಂದು ಸ್ಟೆಥಾಸ್ಕೋಪು ಬಂತು. ಎದೆ ಮೇಲೆ ಕೂತು ಎದ್ದು, "ತರೋದು ಲೇಟ್ ಮಾಡಿದ್ದೀರಿ" ಅಂದಿತು.

ನಾವು ತಂದಾಗ ಅವನು ಮಾತಾಡ್ತಾ ಇದ್ದ ಸ್ವಾಮಿ.

ಆ ಎಂಟು ನಿಮಿಷ ಅವನ ಮೈ ಸುತ್ತ ಆರು ಕೈಗಳಿದ್ದವು. ಆಯಾಳವು ಎರಡು, ಹುಡುಗನವು ಎರಡು, ನನ್ನವು ಎರಡು. ಆರು ಕೈಯಲ್ಲಿ ಒಂದಕ್ಕೂ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ನಾನು ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಕಂಡವನು. ಪದ್ಯ ಬರೆಯುತ್ತೇನೆ. ಎದೆಯ ನೋವಿನ ಮೇಲೆ, ಎದೆಯ ಬೆಂಕಿಯ ಮೇಲೆ ಎಷ್ಟೋ ಪದ್ಯ ಬರೆದಿದ್ದೇನೆ. ಎದೆಯ ಮೇಲೆ ಕೈಯನ್ನು ಎಲ್ಲಿ ಇಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಈ ನಾಚಿಕೆಯನ್ನು ಮೊದಲು ಒಪ್ಪಿಕೊಂಡು ಮುಂದಿನ ಜಗಳಕ್ಕೆ ಬರುತ್ತೇನೆ.

ಆಮೇಲೆ ಹುಡುಕಿ ಓದಿದೆ. ಸಿಟ್ಟಿನಲ್ಲಿ ಓದಿದೆ. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಅನ್ನುವ ಮೂವರು ಒಂದು ಲೇಖನ ಪ್ರಕಟಿಸಿದರು. ಈ ಕೌವೆನ್‌ಹೋವೆನ್ ಡಾಕ್ಟರಲ್ಲ, ವಿದ್ಯುತ್ ಎಂಜಿನಿಯರು. ನಾಯಿಗಳ ಮೇಲೆ ಕರೆಂಟಿನ ಪ್ರಯೋಗ ನಡೆಯುತ್ತಿದ್ದಾಗ, ಎದೆ ಮೇಲೆ ಭಾರದ ಹಿಡಿಕೆಯನ್ನು ಒತ್ತಿದಾಗ ರಕ್ತದ ಒತ್ತಡ ಏರುವುದು ಕಣ್ಣಿಗೆ ಬಿತ್ತು. ಎದೆ ಕೊಯ್ಯದೆ ಹೊರಗಿನಿಂದ ಒತ್ತಿದರೂ ನಿಂತ ಹೃದಯದಿಂದ ರಕ್ತ ಮಿದುಳಿಗೆ ಹೋಗುತ್ತದೆ ಅಂತ ಅವರು ತೋರಿಸಿಕೊಟ್ಟರು. ಯಾರು ಬೇಕಾದರೂ, ಎಲ್ಲಿ ಬೇಕಾದರೂ ಇದನ್ನು ಶುರು ಮಾಡಬಹುದು, ಬೇಕಾದ್ದು ಎರಡು ಕೈ ಮಾತ್ರ ಅಂತ ಬರೆದರು. ಇದೇ ಇವತ್ತಿನ ಸಿಪಿಆರ್. ಇದೇ ಬೇಸಿಕ್ ಲೈಫ್ ಸಪೋರ್ಟ್ ಅನ್ನುವುದರ ಬೆನ್ನೆಲುಬು. ನಮ್ಮ ಮಾತಲ್ಲಿ ಹೇಳುವುದಾದರೆ, ಡಾಕ್ಟರು ಬರುವ ತನಕ ಜೀವ ಹಿಡಿದು ನಿಲ್ಲಿಸುವ ವಿದ್ಯೆ.

ಲೆಕ್ಕ ಕೇಳಿ. ಹೃದಯ ನಿಂತ ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳು ಕೆಡಲು ಶುರುವಾಗುತ್ತದೆ. ಯಾರೂ ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಹೆಚ್ಚುಕಡಿಮೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ಎಂಟು ನಿಮಿಷಕ್ಕೆ ಎಷ್ಟಾಯಿತು ಅಂತ ನೀವೇ ಗುಣಿಸಿಕೊಳ್ಳಿ.

ಒತ್ತಿದ್ದರೆ ದೊಡ್ಡಪ್ಪ ಬದುಕಿಯೇ ಬಿಡುತ್ತಿದ್ದ ಅಂತ ನಾನು ಆಣೆ ಇಟ್ಟು ಹೇಳಲಾರೆ. ಎಲ್ಲ ಸೌಕರ್ಯ ಇರುವ ಅಮೆರಿಕದ ಆಸ್ಪತ್ರೆಗಳ ಒಳಗೇ ಹೀಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ನಾಲ್ವರಲ್ಲಿ ಒಬ್ಬರಷ್ಟೇ. ಆ ನಾಲ್ಕರಲ್ಲಿ ಒಂದು ಪಾಲು ನಮಗೆ ಬೇಡವಾ? ಭೂಮಿಯಲ್ಲಿ ಪಾಲು ಕೇಳಿದವರು ನಾವು, ನೀರಿನಲ್ಲಿ ಪಾಲು ಕೇಳಿದವರು ನಾವು. ಉಸಿರಿನ ಪಾಲು ಮಾತ್ರ ಯಾಕೆ ಕೇಳುತ್ತಿಲ್ಲ?

ಆಸ್ಪತ್ರೆಯವರಿಗಾದರೂ ಈ ವಿದ್ಯೆ ಗೊತ್ತಿದೆಯೇ? 2010ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಅನಸ್ತೀಸಿಯಾ' ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂತು. 1,054 ಜನಕ್ಕೆ ಬೇಸಿಕ್ ಲೈಫ್ ಸಪೋರ್ಟ್ ಕುರಿತು ಪ್ರಶ್ನೆ ಕೊಟ್ಟರು. ಪೂರ್ತಿ ತಿಳಿದವರು ಒಬ್ಬರೂ ಇರಲಿಲ್ಲ. ಅರ್ಧಕ್ಕಿಂತ ಕಡಿಮೆ ಅಂಕ ತೆಗೆದವರು 894 ಜನ, ಅಂದರೆ ನೂರಕ್ಕೆ 85. ಬಿಳಿ ಕೋಟಿನ ಒಳಗೂ ಕತ್ತಲೆ ಇದೆ ಅಂತ ಅವರದೇ ಪತ್ರಿಕೆ ಒಪ್ಪಿಕೊಂಡಿತು. ಆದರೆ ಗೆಳೆಯರೇ, ಆ 1,054 ಜನ ಯಾರು ಅಂತ ನಾನು ಪಟ್ಟಿ ನೋಡಿದೆ. ವೈದ್ಯಕೀಯ ವಿದ್ಯಾರ್ಥಿಗಳು, ಹಲ್ಲಿನ ಡಾಕ್ಟರುಗಳು, ಹೋಮಿಯೋಪಥಿಯವರು, ನರ್ಸಿಂಗ್ ವಿದ್ಯಾರ್ಥಿಗಳು, ಅವರ ಅಧ್ಯಾಪಕರು, ಡಾಕ್ಟರುಗಳು. ಆಯಾ ಇಲ್ಲ. ವಾರ್ಡ್ ಬಾಯ್ ಇಲ್ಲ. ಸ್ಟ್ರೆಚರ್ ತಳ್ಳುವವನಿಲ್ಲ. ಕಕ್ಕಸು ತೊಳೆಯುವವಳಿಲ್ಲ. ಗೊತ್ತಿಲ್ಲದವರ ಪಟ್ಟಿಯಲ್ಲೂ ನಮಗೆ ಜಾಗ ಇಲ್ಲ.

ಆಮೇಲೆ ಏನೂ ಆಗಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2017ರಲ್ಲಿ ಅರಿವಳಿಕೆ ತಜ್ಞರ ಸಂಘ ನಮ್ಮ ದೇಶಕ್ಕೆಂದೇ ನಿಯಮಗಳನ್ನು ಮಾಡಿತು. 2019ರಿಂದ ಎಂಬಿಬಿಎಸ್‌ಗೆ ಸೇರಿದ ಮಕ್ಕಳಿಗೆ ಮೊದಲ ತಿಂಗಳಲ್ಲೇ ಇದನ್ನು ಕಲಿಸಬೇಕು ಅಂತಾಯಿತು. ಒಳ್ಳೆಯದು. ಆದರೆ ಈ ದೇಶದಲ್ಲಿ ವಿದ್ಯೆ ಯಾವಾಗಲೂ ಮೇಲಿನಿಂದ ತೊಟ್ಟಿಕ್ಕಬೇಕು. ಕೆಳಗಿದ್ದವನು ಬೊಗಸೆ ಒಡ್ಡಿ ಕಾಯಬೇಕು. ನಮ್ಮ ತನಕ ತೊಟ್ಟಿಕ್ಕಿದ್ದು ಏನು ಅಂತ ಕೇಳಿ.

ತಿಥಿ ಮುಗಿಸಿ ಮರಣಪತ್ರಕ್ಕೆ ಅಂತ ಆಸ್ಪತ್ರೆಗೆ ಹೋದಾಗ ಆ ಆಯಾ ಸಿಕ್ಕಳು. "ಅವ್ವಾ, ನಿಮಗೆ ಇಲ್ಲಿ ಇದೆಲ್ಲ ಹೇಳ್ಕೊಟ್ಟಿಲ್ವಾ?" ಅಂತ ಕೇಳಿದೆ.

"ನಮ್ಗ್ಯಾಕಪ್ಪ ಹೇಳ್ಕೊಟ್ಟಾರು? ಟ್ರೈನಿಂಗ್ ಇದ್ ದಿನ ಕುರ್ಚಿ ಹಾಕಕ್ಕೆ ಕರೀತಾರೆ. ಟೀ ಲೋಟ ತೊಳ್ಯಕ್ಕೆ ಕರೀತಾರೆ. ರಬ್ಬರ್ ಗೊಂಬೆ ಒಂದದೆ, ಮನುಸ್ರ ಅಳತೇದು. ಅದ್ರ ಎದೆ ಮ್ಯಾಲೆ ಎಲ್ರೂ ಒತ್ತಿ ಒತ್ತಿ ಎದ್ದೋದ ಮ್ಯಾಲೆ ನಾನೇ ಒರ್ಸಿ ಪೆಟ್ಗೇಲಿ ಮಡಗಿವ್ನಿ. ನೀನೂ ಒತ್ತು ಅಂತ ನಂಗ್ಯಾರೂ ಯೋಳ್ನಿಲ್ಲ ಕನಪ್ಪ."

ಇದಕ್ಕಿಂತ ದೊಡ್ಡ ಭಾಷಣ ನನಗೆ ಬರುವುದಿಲ್ಲ. ಏಕಲವ್ಯನಿಗೆ ಮಣ್ಣಿನ ಗೊಂಬೆಯಾದರೂ ಕಲಿಸಿತು. ನಮ್ಮವ್ವನಿಗೆ ರಬ್ಬರಿನ ಗೊಂಬೆಯ ಧೂಳು ಒರೆಸುವ ಭಾಗ್ಯ.

ಈ ದೇಶದಲ್ಲಿ ಮುಟ್ಟುವುದಕ್ಕೂ ಜಾತಿ ಇದೆ. ಆಸ್ಪತ್ರೆಯಲ್ಲಿ ಹೇಲು ಬಳಿಯುವ ಮುಟ್ಟು ಯಾರದು? ಹೆರಿಗೆಯ ನೆತ್ತರು ತೊಳೆಯುವ ಮುಟ್ಟು ಯಾರದು? ಶವಾಗಾರಕ್ಕೆ ಹೆಣ ಹೊರುವ, ಅಲ್ಲಿ ಹೆಣ ಕೊಯ್ದು ಹೊಲಿಯುವ ಮುಟ್ಟು ಯಾರದು? ಗ್ರೂಪ್ ಡಿ ಅನ್ನಿ, ಹೊರಗುತ್ತಿಗೆ ಅನ್ನಿ, ಹೆಸರು ಬದಲಾಗಿದೆ, ಕೇರಿ ಬದಲಾಗಿಲ್ಲ. ಸತ್ತ ಎದೆಯನ್ನು ಕೊಯ್ದು ತೆರೆಯಲು ನಮ್ಮ ಕೈ ಆಗುತ್ತದೆ. ನಿಂತ ಎದೆಯನ್ನು ಒತ್ತಿ ನಡೆಸಲು ನಮ್ಮ ಕೈಗೆ ಅರ್ಹತೆ ಇಲ್ಲ. ಹೆಣದ ಮುಂದೆ ತಮಟೆ ಬಡಿಯಲು ಈ ಕೈ ಬೇಕು. ಅದೇ ಕೈಗೆ ಅದೇ ಲಯದಲ್ಲಿ ಒಂದು ಎದೆಯನ್ನು ಎಬ್ಬಿಸುವುದು ಕಲಿಸಿದರೆ ತಮಟೆಯ ಅಗತ್ಯವೇ ಬೀಳದಿರಬಹುದಲ್ಲ!

ಮುಟ್ಟಿ ಬದುಕಿಸುವುದು ನಮಗೆ ಹೊಸದಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಕಾಯಿಲೆ ಬಿದ್ದ ಮಹಾರರ ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಪ್ಲೇಗು ಅವರಿಗೂ ತಗುಲಿತು. ಅದೇ ಮಾರ್ಚ್ 10ರಂದು ತೀರಿಕೊಂಡರು. ಅಕ್ಷರ ಕಲಿಸಿದ ಕೈಯೇ ಮಗುವನ್ನೂ ಎತ್ತಿತು. ಅಕ್ಷರ ಬೇರೆ, ಜೀವ ಬೇರೆ ಅಂತ ಆ ತಾಯಿ ಬೇರ್ಪಡಿಸಲಿಲ್ಲ. ಅಕ್ಷರ ಕಲಿತ ನಾವು ಬೇರ್ಪಡಿಸಿಕೊಂಡು ಕೂತಿದ್ದೇವೆ.

ಈಗ ನಮ್ಮ ಸೀಮೆಯ ಸಂಗತಿಗೆ ಬನ್ನಿ. ಹುಣಸೂರಿನಿಂದ ಮೈಸೂರಿಗೆ 45 ಕಿಲೋಮೀಟರ್. ಗುರುಪುರದವರು, ನಾಗರಹೊಳೆ ಅಂಚಿನ ಹಾಡಿಯವರು ಮೊದಲು ಹುಣಸೂರಿಗೋ ಕೋಟೆಗೋ ಬರಬೇಕು. 108 ಆಂಬುಲೆನ್ಸು ಕರ್ನಾಟಕಕ್ಕೆ 2008ರ ನವೆಂಬರ್ 1ರಂದು ಬಂತು, ಎಷ್ಟೋ ಜೀವ ಉಳಿಸಿದೆ. ಆದರೆ ನಾಲ್ಕು ನಿಮಿಷದೊಳಗೆ ಹಾಡಿಗೆ ಬರುವ ಗಾಡಿ ಈ ಭೂಮಿ ಮೇಲೆ ಇಲ್ಲ. ನಾಲ್ಕು ನಿಮಿಷದೊಳಗೆ ಬರುವುದು ಪಕ್ಕದಲ್ಲಿದ್ದವರ ಕೈ ಮಾತ್ರ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇಡೀ ನಾಡು ಎದೆ ಮುಟ್ಟಿ ನೋಡಿಕೊಂಡಿತು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಜನ ಜಯದೇವ ಆಸ್ಪತ್ರೆಯ ಮುಂದೆ ಪರೀಕ್ಷೆಗೆ ಸಾಲು ನಿಂತರು. 2024ರಲ್ಲಿ ಪುನೀತ್ ಹೆಸರಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ಯೋಜನೆ. ಅದನ್ನು ನಾನು ಹಳಿಯುವುದಿಲ್ಲ, ಬಡವನಿಗೆ ಬೇಕಾದ್ದೇ. ಆದರೆ ಒಂದು ವ್ಯತ್ಯಾಸ ತಿಳಿಯಬೇಕು. ರಕ್ತನಾಳ ಕಟ್ಟಿಕೊಂಡು ಎದೆ ನೋಯುವುದು ಹೃದಯಾಘಾತ. ಹೃದಯ ಬಡಿಯುವುದೇ ನಿಲ್ಲುವುದು ಬೇರೆ. ಮೊದಲನೆಯದು ಯಾವ ಗಳಿಗೆಯಲ್ಲಾದರೂ ಎರಡನೆಯದಕ್ಕೆ ತಿರುಗಬಹುದು, ಬೆಂಚಿನ ಮೇಲೆ ಕೂತ ನಮ್ಮ ದೊಡ್ಡಪ್ಪನಿಗೆ ತಿರುಗಿದ ಹಾಗೆ. ಸೂಜಿ ಬೀರುವಿನಲ್ಲಿದ್ದು, ಒತ್ತುವ ಕೈ ವರಾಂಡದಲ್ಲಿ ಇಲ್ಲದಿದ್ದರೆ ಆ ಸೂಜಿ ಯಾರಿಗೆ?

ಎದೆ ಒಂದೇ ಅಲ್ಲ. ನಮ್ಮ ಹೊಲಗಳಲ್ಲಿ ನಾಗರ ಇದೆ, ಕಟ್ಟುಹಾವು ಇದೆ. ಅವುಗಳ ವಿಷ ಉಸಿರಾಡುವ ಸ್ನಾಯುಗಳನ್ನೇ ಕಟ್ಟಿಹಾಕುತ್ತದೆ. ಹೃದಯ ಬಡಿಯುತ್ತಿರುತ್ತದೆ, ಉಸಿರು ನಿಲ್ಲುತ್ತದೆ. ಆಗ ಅಂಬು ಬ್ಯಾಗ್ ಅನ್ನುವ ರಬ್ಬರ್ ಚೀಲವನ್ನು ಮುಖಕ್ಕೆ ಸರಿಯಾಗಿ ಹಿಡಿದು ಹಿಂಡುತ್ತ ಹೋದರೆ, ಔಷಧಿ ಹತ್ತುವ ತನಕ, ದೊಡ್ಡಾಸ್ಪತ್ರೆ ಸೇರುವ ತನಕ ಮನುಷ್ಯ ಉಳಿಯುತ್ತಾನೆ. ಬೆಳೆಗೆ ಹೊಡೆಯುವ ಔಷಧಿ ಕುಡಿದವನಿಗೂ ಅಷ್ಟೇ, ಬಾಯಿ ಗಂಟಲಲ್ಲಿ ತುಂಬಿದ್ದನ್ನು ತೆಗೆದು ಉಸಿರಿನ ದಾರಿ ಬಿಡಿಸಬೇಕು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಲೆಕ್ಕ ಬರೆಯುವ ಕೈಗೆ ಆದೇಶ ಬಂತು. ಚೀಲ ಹಿಂಡುವ ಕೈಗೆ?

ಕಲಿಸಿದರೆ ಆಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಅಂತ ಶುರುವಾಯಿತು. ಹುಟ್ಟಿ ಅಳದೆ ಬಿದ್ದ ಕೂಸಿಗೆ ಮೊದಲ ಒಂದು ನಿಮಿಷದಲ್ಲಿ ಉಸಿರು ಕೊಡುವುದನ್ನು ಹೆರಿಗೆ ಮಾಡಿಸುವ ನರ್ಸುಗಳಿಗೂ ಎಎನ್ಎಂಗಳಿಗೂ ಕಲಿಸಿದರು. ಹಳ್ಳಿಯ ಸಿಸ್ಟರುಗಳು ಕಲಿತರು, ಮಾಡುತ್ತಿದ್ದಾರೆ. ಹುಟ್ಟಿದ ಕೂಸಿನ ತನಕ ಬಂದ ವಿದ್ಯೆ ದುಡಿದು ಬಿದ್ದ ಮುದುಕನ ತನಕ ಬರಲು ಏನು ಅಡ್ಡಿ?

ಅಡ್ಡಿ ಏನು ಅಂತ ನಾನು ಕೇಳಿದಾಗ ಬಂದ ಉತ್ತರಗಳನ್ನು ಇಲ್ಲಿ ಇಡುತ್ತೇನೆ.

"ಅವರಿಗೆ ಓದು ಬರಲ್ಲ." ಎದೆ ಒತ್ತುವುದಕ್ಕೆ ಓದು ಯಾಕೆ ಸ್ವಾಮಿ? 2017ರ ಆ ನಿಯಮಗಳಲ್ಲೇ ಏನೂ ಓದದ ಸಾಮಾನ್ಯ ಜನಕ್ಕೆ ಅಂತ ಬರೀ ಎದೆ ಒತ್ತುವ ಕ್ರಮವನ್ನು ಬೇರೆಯಾಗಿ ಮಾಡಿದ್ದಾರೆ. ಬೀದಿಯವನಿಗೆ ಸಲ್ಲುವುದು ಆಸ್ಪತ್ರೆ ಒಳಗೆ ದುಡಿಯುವವಳಿಗೆ ಸಲ್ಲದೇ?

"ತಪ್ಪು ಒತ್ತಿ ಪಕ್ಕೆಲುಬು ಮುರಿದರೆ?" ಸರಿಯಾಗಿ ಒತ್ತಿದರೂ ಪಕ್ಕೆಲುಬು ಮುರಿಯುವುದುಂಟು. ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ. ಸತ್ತವನು ಕೂಡಿಕೊಳ್ಳುವುದಿಲ್ಲ.

"ಹೊರಗುತ್ತಿಗೆಯವರು, ಇವತ್ತು ಇರ್ತಾರೆ, ನಾಳೆ ಇರಲ್ಲ, ಕಲಿಸಿ ಏನು ಪ್ರಯೋಜನ?" ಇರಲ್ಲ ಅನ್ನುವುದು ಅವರ ತಪ್ಪೇ? ಕಾಯಂ ಮಾಡದೆ ಏಜೆನ್ಸಿಯ ಕೈಗೆ ಕೊಟ್ಟವರು ಯಾರು? ಅದಿರಲಿ, ಕೆಲಸ ಬಿಟ್ಟು ಹೋದರೆ ಅವಳು ಆ ವಿದ್ಯೆಯನ್ನು ಕೇರಿಗೇ ತಾನೆ ಕೊಂಡೊಯ್ಯುವುದು! ಪ್ರಯೋಜನ ಅಂದರೆ ಇನ್ನೇನು?

ಇನ್ನೊಂದು ಉತ್ತರ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಕಣ್ಣಲ್ಲಿ ಹೇಳಿದರು. ಆ ಕೈ ನಮ್ಮ ಎದೆ ಮೇಲೆಯೇ ಅಂತ. ಅವರಿಗೆ ನಾನು ಹೇಳುವುದು ಇಷ್ಟೇ. ನಾಳೆ ಅದೇ ಬೆಂಚಿನ ಮೇಲೆ ಬ್ಯಾರನ್ನಿನ ಒಡೆಯನೇ ಬಿದ್ದರೂ ಮೊದಲು ಓಡಿಬರುವುದು ನೆಲ ಒರೆಸುವ ಕೈಯೇ. ಕಲಿಸದೆ ಬಿಟ್ಟರೆ ಒಡೆಯನೂ ಸಾಯುತ್ತಾನೆ. ನಿಂತ ಹೃದಯ ಜಾತಿ ಕೇಳಿ ಕಾಯುವುದಿಲ್ಲ.

ಸಿಸ್ಟರುಗಳ ಮೇಲೆ ನನಗೆ ಜಗಳವಿಲ್ಲ. ಇಡೀ ಆಸ್ಪತ್ರೆಗೆ ಒಬ್ಬರನ್ನು ಬಿಟ್ಟು, ಹೆರಿಗೆಯನ್ನೂ ನೋಡು, ಬಿದ್ದವನನ್ನೂ ನೋಡು ಅಂದರೆ ಅವರಾದರೂ ಏನು ಮಾಡಿಯಾರು? ಅವರೂ ನಮ್ಮಂಥ ಮನೆಗಳ ಮಕ್ಕಳೇ. ಪಕ್ಕದ ಕೈಗಳಿಗೆ ಕಲಿಸಿದ್ದರೆ ಅವರ ಹೊರೆಯೂ ಇಳಿಯುತ್ತಿತ್ತು.

ಆದ್ದರಿಂದ ನಮ್ಮ ಹಕ್ಕೊತ್ತಾಯ ಬರೆದುಕೊಳ್ಳಿ. ಗೇಟಿನ ಕಾವಲುಗಾರನಿಂದ ಹಿಡಿದು ಅಡುಗೆ ಮಾಡುವವರ ತನಕ ಆಸ್ಪತ್ರೆಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ, ಕಾಯಂ ಇರಲಿ ಗುತ್ತಿಗೆ ಇರಲಿ, ಸಂಬಳದ ವೇಳೆಯಲ್ಲೇ ಈ ವಿದ್ಯೆ ಕಲಿಸಬೇಕು. ಕನ್ನಡದಲ್ಲಿ ಕಲಿಸಬೇಕು, ಗೊಂಬೆಯ ಮೇಲೆ ಕೈ ಇಡಿಸಿ ಕಲಿಸಬೇಕು. ಒಂದು ಸಲ ಕಲಿಸಿ ಬಿಟ್ಟರೆ ತಿಂಗಳುಗಳಲ್ಲೇ ಮರೆತುಹೋಗುತ್ತದೆ, ಮತ್ತೆ ಮತ್ತೆ ಕಲಿಸಬೇಕು. ಅಂಬು ಬ್ಯಾಗು ಬೀಗದ ಬೀರುವಿನಲ್ಲಿ ಇರಬಾರದು, ಕೈಗೆ ಸಿಗುವ ಕಡೆ ಇರಬೇಕು. ಕಲಿತವರಿಗೆ ಆ ಕೆಲಸದ ಹೆಸರೂ ಮರ್ಯಾದೆಯೂ ಸಿಗಬೇಕು.

ಸರ್ಕಾರ ಮಾಡುವ ತನಕ ನಾವು ಕೂತಿರಬೇಕೇ? ಹಳ್ಳಿ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಇದು ನಿಮಗೆ. ಬಿದ್ದವರನ್ನು ಭುಜ ತಟ್ಟಿ ಕೂಗಿ. ಮಾತಿಲ್ಲ, ಉಸಿರಿಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿಯಿರಿ. ಗೊರ್ ಗೊರ್ ಅಂತ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುವುದು ಉಸಿರಲ್ಲ, ಅದಕ್ಕೆ ಮೋಸ ಹೋಗಬೇಡಿ. ಒಬ್ಬರಿಗೆ 108ಕ್ಕೆ ಫೋನು ಮಾಡಲು ಹೇಳಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಬಾಯಿಗೆ ನೀರು ಬಿಡಬೇಡಿ. ಎದೆಯ ನಡುವೆ ಅಂಗೈಯ ಬುಡ ಊರಿ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಮೈ ಭಾರ ಹಾಕಿ ಒತ್ತಿ. ಐದು ಸೆಂಟಿಮೀಟರ್ ಒಳಗೆ ಹೋಗಬೇಕು, ಆರು ಮೀರಬಾರದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಕೈ ಸೋತರೆ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಬಿಡಿ, ನಿಲ್ಲಿಸಬೇಡಿ. ನೀರಿಗೆ ಬಿದ್ದವರಿಗೆ, ಮಕ್ಕಳಿಗೆ, ಹಾವು ಕಡಿದವರಿಗೆ ಉಸಿರು ಕೊಡುವುದೂ ಸೇರಬೇಕು. ಅದನ್ನು ಕೈ ಹಿಡಿಸಿ ಕಲಿಸಬಲ್ಲ ಸಿಸ್ಟರೊಬ್ಬರನ್ನು ಕರೆಸಿ. ಅಂಬೇಡ್ಕರ್ ಜಯಂತಿಯ ದಿನ ಭಾಷಣಕ್ಕೆ ಒಂದು ಗಂಟೆ ಕೊಡುತ್ತೀರಿ. ಇದಕ್ಕೂ ಒಂದು ಗಂಟೆ ಕೊಡಿ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌಡಾರ್ ಕೆರೆಗೆ ಇಳಿದು ನೀರು ಕುಡಿದರು. ಕೆರೆ ಊರಿನದಾದರೆ ನೀರು ಎಲ್ಲರದು ಅನ್ನುವುದೇ ಅಂದಿನ ವಾದ. ಆಸ್ಪತ್ರೆ ಜನರ ದುಡ್ಡಿನದಾದರೆ ಅದರೊಳಗಿನ ವಿದ್ಯೆಯೂ ಎಲ್ಲರದು. ಆ ಪೆಟ್ಟಿಗೆ ತೆರೆಯಿರಿ. ಆ ಗೊಂಬೆಯನ್ನು ಹೊರಗೆ ತೆಗೆಯಿರಿ. ಇಷ್ಟು ವರ್ಷ ಅದನ್ನು ಒರೆಸಿಟ್ಟ ಕೈ ಮೊದಲು ಅದರ ಎದೆಯ ಮೇಲೆ ಊರಲಿ.

ಆ ಆಯಾ ನನ್ನನ್ನು ಗೇಟಿನ ತನಕ ಬಿಡಲು ಬಂದಳು. ಬರುವಾಗ ಕೇಳಿದಳು, "ಅದ್ಯಂಗಪ್ಪ ಒತ್ತಾದು? ನಂಗೂ ಒಸಿ ತೋರ್ಸು."

ಓದಿ ಕಲಿತಷ್ಟನ್ನು ಅಲ್ಲೇ ನೆಲದ ಮೇಲೆ ಕೂತು ತೋರಿಸಿದೆ.